ಸೀಟಿಯಕ್ಕನ ಗಂಟಲು ಕಟ್ಟಿದವರು ಯಾರು?

ಸೀಟಿಯಕ್ಕ ಗುಂಡಿ ಒತ್ತಿದಳು. ಲ್ಯಾಪ್‌ಟಾಪಿನ ದೀಪ ಮಿಣುಕಿತು, ಫ್ಯಾನು ಗೊರ್ರೆಂದಿತು. ಪರದೆ ಮಾತ್ರ ಕಾಡಿಗೆ ಬಳಿದಂತೆ ಕಪ್ಪಗೇ ಉಳಿಯಿತು. ಇನ್ನೊಮ್ಮೆ ಒತ್ತಿದಳು. ಅದೇ ಕಥೆ.

ಮಧ್ಯಾಹ್ನ ಒಂದು ಗಂಟೆ. ಮೂರಕ್ಕೆ ವಿಚಾರಣೆ.

ಕಾಯಿಲೆ ಗಂಟಲನ್ನು ಕಿತ್ತುಕೊಂಡ ಮೇಲೆ ಆಕೆಗೆ ಈ ಲ್ಯಾಪ್‌ಟಾಪೇ ಬಾಯಿ. ಬೆರಳು ಒತ್ತಿದ್ದನ್ನು ಅದು ಗಟ್ಟಿಯಾಗಿ ಹೇಳುತ್ತಿತ್ತು. ಅದು ಹತ್ತಿರವಿಲ್ಲದಾಗ ಕೊರಳಿನ ಸೀಟಿ: ಒಂದು ಸಲ ಊದಿದರೆ ಹೌದು, ಎರಡು ಸಲ ಊದಿದರೆ ಇಲ್ಲ. ಉಳಿದದ್ದಕ್ಕೆ ಸ್ಲೇಟು, ಬಳಪ. ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳ ಹೆಸರನ್ನೇ ಮರೆತು ಸೀಟಿಯಕ್ಕ ಅನ್ನುತ್ತಿದ್ದರು.

ಆ ಲಾಂಡ್ರಿಯ ಇಸ್ತ್ರಿ ಮಾಡುವ ಉಗಿ ಪ್ರೆಸ್ಸಿನಲ್ಲಿ, ಕೈ ಸಿಕ್ಕರೆ ಯಂತ್ರ ನಿಲ್ಲಿಸುವ ಸೇಫ್ಟಿ ಸ್ವಿಚ್ಚಿಗೆ ತಂತಿ ಸುತ್ತಿ ಕಟ್ಟಿದ್ದರು. ಯಾಕೆ? ಯಂತ್ರ ಒಂದು ಕ್ಷಣವೂ ನಿಲ್ಲಬಾರದು. ನಿಲ್ಲಲೂ ಇಲ್ಲ — ಜೊತೆಯ ಹುಡುಗಿಯ ಎರಡೂ ಅಂಗೈ ಅದರೊಳಗೆ ಬೆಂದವು. “ಅವಳದೇ ಅಜಾಗ್ರತೆ” ಎಂದರು ಮೇಲಿನವರು. ಕೈ ಸುಟ್ಟುಕೊಂಡವಳೇ ಅಪರಾಧಿ, ಸುಟ್ಟವರು ವಿಚಾರಣೆ ನಡೆಸುವವರು. ತಂತಿ ಕಟ್ಟಿಸಿದ್ದನ್ನು ಕಣ್ಣಾರೆ ಕಂಡವಳು ಸೀಟಿಯಕ್ಕ ಒಬ್ಬಳೇ. ಹಿಂದಿನ ಸಲ ಸ್ಲೇಟಿನಲ್ಲಿ ಉತ್ತರ ಬರೆದಳು. ಅಧಿಕಾರಿ ಅರ್ಧ ಓದಿದ, ಅರ್ಧ ನುಂಗಿದ, ನುಂಗದೆ ಬಿಟ್ಟದ್ದು ಮಾತ್ರ ದಾಖಲಾಯಿತು. ಇವತ್ತು ವಿಚಾರಣೆಯ ಕೋಣೆಯಲ್ಲಿರುವ ಎಲ್ಲರ ಕಿವಿಗೂ ಬೀಳಬೇಕು.

“ನಾನಾಗಲೇ ಹೇಳಿರಲಿಲ್ವಾ?” ಕಾರ್ಮಿಕ ಸಂಘದ ಕಾರ್ಯದರ್ಶಿ ಮೇಜಿನಾಚೆ ಕೂತು ಕನ್ನಡಕ ಒರೆಸಿದರು. “ಹಳೇದೇ ಸಾಕಿತ್ತು. ಹೊಸ ರ‍್ಯಾಮ್ ಹಾಕಿಸೋಕೆ ಹೋದ್ರಿ, ಇದ್ದದ್ದೂ ಹೋಯ್ತು. ಇರಲಿ ಬಿಡಿ, ನಿಮ್ಮ ಪರವಾಗಿ ನಾನೇ ನಾಲ್ಕು ಮಾತಾಡ್ತೀನಿ.”

ಎರಡು ಸೀಟಿ. ಕಿವಿ ಸೀಳುವಂಥವು.

ಹಳೆಯ ರ‍್ಯಾಮಿನಲ್ಲಿ — ಲ್ಯಾಪ್‌ಟಾಪಿನ ನೆನಪಿನ ಪಟ್ಟಿಯಲ್ಲಿ — ಮಾತು ತೊದಲುತ್ತಿತ್ತು. ವಾಕ್ಯ ಮುಗಿಯುವಷ್ಟರಲ್ಲಿ ಕೇಳುವವರು ಎದ್ದು ಹೋಗುತ್ತಿದ್ದರು. ಅದಕ್ಕೇ ನಿನ್ನೆ ಆಸ್ಪತ್ರೆಯ ಗೇಟಿನೆದುರಿನ ರಿಪೇರಿ ಅಂಗಡಿಯಲ್ಲಿ ಬದಲಾಯಿಸಿದ್ದು. ಸಂಜೆ ತಂದವರು ಭಾವ — ಅಕ್ಕನ ಗಂಡ, ಆಸ್ಪತ್ರೆಯ ವ್ಯಾನಿನ ಡ್ರೈವರು. ರಾತ್ರಿ ಅದು ಮನೆಯ ಕಪಾಟಿನಲ್ಲಿತ್ತು; ಅಕ್ಕ, ಸೀಟಿಯಕ್ಕ ಇಬ್ಬರೂ ರಾತ್ರಿ ಪಾಳಿಗೆ ಹೋಗಿದ್ದರು. ಬೆಳಿಗ್ಗೆ ಕಾರ್ಯದರ್ಶಿ ಬಂದು, ಚಾರ್ಜ್ ಮಾಡಿಡುತ್ತೇನೆಂದು ಈ ಸಂಘದ ಕೋಣೆಗೆ ಒಯ್ದಿದ್ದರು.

ಮೂರು ಜನರ ಕೈ ದಾಟಿ ಬಂದಿತ್ತು. ಇದು ಯಾರ ಕೈವಾಡ?

ಸೀಟಿಯಕ್ಕ ಭಾವನನ್ನೂ ರಿಪೇರಿಯವಳನ್ನೂ ಕರೆಸಿದಳು. ಭಾವ ಬಾಗಿಲಿಗೊರಗಿ ನಿಂತರು. ರಿಪೇರಿಯವಳು ಅಂಗಡಿಗೆ ಬಾಗಿಲೂ ಹಾಕದೆ ಓಡಿಬಂದಿದ್ದಳು.

‘ನಿನ್ನೆ ಮಾತಾಡಿತ್ತಾ?’ ಸ್ಲೇಟು ಕೇಳಿತು.

“ಮಾತಾಡಿತ್ತಕ್ಕ. ನಮಸ್ಕಾರ ಅಂತ ಹೇಳಿಸಿ ನೋಡೇ ಮುಚ್ಚಿದ್ದು.”

“ಕೇಳಿದವರ‍್ಯಾರು?” ಕಾರ್ಯದರ್ಶಿ ನಡುವೆ ಬಾಯಿ ಹಾಕಿದರು.

“ನಾನು.”

“ಸಾಕ್ಷಿ?”

“ಗೋಡೆಗೆ ಕಿವಿ ಇದೆಯಂತಲ್ಲ, ಅದನ್ನೇ ಕೇಳಿ.”

“ನೋಡಿ ಇವಳ ಬಾಯಿ. ಲಾಂಡ್ರಿ ಮ್ಯಾನೇಜರ ಮನೆ ಕಂಪ್ಯೂಟರನ್ನೂ ಇವಳೇ ರಿಪೇರಿ ಮಾಡೋದು, ಗೊತ್ತಾ ನಿಮಗೆ?”

“ಅವರ ಹಲ್ಲು ಕಿತ್ತ ಡಾಕ್ಟರೇ ನಿಮ್ಮ ಹಲ್ಲೂ ಕಿತ್ತಿದ್ದು ಸಾರ್. ಹಾಗಾದ್ರೆ ನೀವೂ ಅವರ ಕಡೆಯವರಾ?”

ಬಳಪ ಕಾರ್ಯದರ್ಶಿಯ ಕಡೆ ತಿರುಗಿತು. ‘ಬೆಳಿಗ್ಗೆ ಒತ್ತಿ ನೋಡಿದಿರಾ?’

“ನೋಡದೆ ಬಿಡ್ತೀನಾ? ಕಂಪನಿ ಚಿಹ್ನೆ ಬಂತು, ಕೆಳಗೆ ಚಕ್ರ ತಿರುಗ್ತು, ಆಮೇಲೆ ಕಪ್ಪಾಯ್ತು.”

‘ಭಾವ, ನೀವು?’

“ನನಗ್ಯಾಕಮ್ಮ ಆ ಉಸಾಬರಿ? ವ್ಯಾನಿನ ಬಾನೆಟ್ಟಾದ್ರೆ ಬ್ಯಾಟರಿ ವೈರು ಕಳಚಿಟ್ಟು ಧೈರ್ಯವಾಗಿ ಕೈ ಹಾಕ್ತೀನಿ. ಇದರ ಹೊಟ್ಟೇಲಿ ಏನಿದೆ ಅಂತ ದೇವರಿಗೇ ಗೊತ್ತು.”

ರಿಪೇರಿಯವಳು ಗುಂಡಿ ಒತ್ತಿ ದೀಪ ಮಿಣುಕುವ ರೀತಿಯನ್ನೇ ನೋಡಿದಳು. “ರ‍್ಯಾಮ್ ಸಿಗ್ತಿಲ್ಲ ಅಂತಿದೆ. ಹೀಗಿದ್ರೆ ಪರದೆ ಮೇಲೆ ಏನೂ ಬರಲ್ಲ ಸಾರ್. ನೀವು ಯಾವ ಚಿಹ್ನೆ ನೋಡಿದ್ರಿ?”

ಕಾರ್ಯದರ್ಶಿ ಮತ್ತೆ ಕನ್ನಡಕ ಒರೆಸಿದರು. ಅದರಲ್ಲಿ ಒರೆಸುವುದಕ್ಕೆ ಏನೂ ಉಳಿದಿರಲಿಲ್ಲ.

ರಿಪೇರಿಯವಳು ಹಿಂಬದಿಯ ಮುಚ್ಚಳ ಬಿಚ್ಚಿದಳು. ನಾಲ್ಕೂ ತಲೆಗಳು ಬಾಗಿದವು. ಹೊಸ ರ‍್ಯಾಮಿನ ಪಟ್ಟಿ ಒಂದು ಬದಿಯಲ್ಲಿ ಎದ್ದು ನಿಂತಿತ್ತು. ಅದನ್ನು ಹಿಡಿದಿಡುವ ಕೊಂಡಿ ತೆರೆದಿತ್ತು.

“ಸಿಕ್ಕಿತಲ್ಲ ಉತ್ತರ,” ಕಾರ್ಯದರ್ಶಿಗೆ ಜೀವ ಬಂತು. “ಸರಿಯಾಗಿ ಕೂರಿಸೇ ಇಲ್ಲ. ಕೂರಿಸಿಲ್ಲವೋ, ಕೂರಿಸಬೇಡ ಅಂತ ಯಾರಾದ್ರೂ ಹೇಳಿದ್ರೋ?”

ರಿಪೇರಿಯವಳ ಮುಖ ಕೆಂಪಾಯಿತು. “ಟಕ್ ಅನ್ನೋವರೆಗೂ ಒತ್ತಿದ್ದೆ. ನಿಮಗೆ ಎಷ್ಟು ಸಲ ಹೇಳಲಿ?” ಅಂದವಳೇ ಒಳಗಿನ ಬ್ಯಾಟರಿಯ ಪ್ಲಗ್ಗಿಗೆ ಬೆರಳು ಹಾಕಿದಳು. “ಮೊದಲು ಇದನ್ನ ಕೀಳಬೇಕು. ಕಿತ್ರೆ ಗಡಿಯಾರ ಸೊನ್ನೆಗೆ ಹೋಗುತ್ತೆ, ಮತ್ತೆ ಸಮಯ ಇಡಬೇಕು. ನಿನ್ನೆನೂ ಇಟ್ಟಿದ್ದೆ—”

ಎರಡು ಸೀಟಿ.

ರಿಪೇರಿಯವಳ ಬೆರಳು ನಿಂತಿತು. ಸೀಟಿಯಕ್ಕನ ಬಳಪ ಓಡಿತು: ‘ನಿನ್ನ ನಂತರ ಯಾರೂ ಪ್ಲಗ್ ಕಿತ್ತಿಲ್ಲ ಅಂದ್ರೆ ಗಡಿಯಾರ ಸರಿ ಇರುತ್ತಾ?’

“ಇರುತ್ತೆ.”

‘ಕಿತ್ತು ಮತ್ತೆ ಸಿಕ್ಕಿಸಿದ್ರೆ?’

“ಸಿಕ್ಕಿಸಿದ ಗಳಿಗೆಯಿಂದ ಸೊನ್ನೆಯಿಂದ ಓಡುತ್ತೆ.”

‘ಕೀಳಬೇಡ. ಹಾಗೇ ಒತ್ತು.’

“ಬೇಡಕ್ಕ. ಪ್ಲಗ್ ಇರೋವಾಗ ಕೈ ಜಾರಿ ಎಲ್ಲಾದ್ರೂ ತಗುಲಿದ್ರೆ ಬೋರ್ಡೇ ಸುಟ್ಟು ಹೋಗುತ್ತೆ. ಆಮೇಲೆ ಮೂರು ಗಂಟೆಗೆ ಏನು ಮಾಡ್ತೀರಿ?”

“ಹುಚ್ಚಾ ನಿಮಗೆ?” ಎಂದರು ಕಾರ್ಯದರ್ಶಿ. “ಯಾರು ಮಾಡಿದ್ರೇನು ಈಗ? ಕೆಲಸ ಆದ್ರೆ ಸಾಕಲ್ಲ.”

ಸೀಟಿಯಕ್ಕ ಅವರನ್ನು ನೋಡಿದಳು. ಲಾಂಡ್ರಿಯಲ್ಲೂ ಇದೇ ಮಾತು ಕೇಳಿದ್ದಳು — ಆದದ್ದಾಯಿತು, ಯಾರಿಂದ ಆದರೇನು? ಹಾಗಂದಾಗಲೆಲ್ಲ ತಪ್ಪು ಹೋಗಿ ಬೀಳುವುದು ಕೆಲಸ ಮಾಡುವ ಕೈಯ ಮೇಲೇ. ಒಬ್ಬಳ ಮೇಲೆ ಹೊರಿಸಿದ ಸುಳ್ಳನ್ನು ಕಿತ್ತೊಗೆಯಲು ಹೊರಟವಳು ಇನ್ನೊಬ್ಬಳ ಮೇಲೆ ಸುಳ್ಳು ಹೊರಿಸಿ ಹೋಗುವುದೆ?

ಒಂದು ಸೀಟಿ. ಒತ್ತು.

ರಿಪೇರಿಯವಳು ಪಟ್ಟಿಯ ಅಂಚನ್ನು ಮಾತ್ರ ಮುಟ್ಟಿ, ಓರೆಯಾಗಿ ತಳ್ಳಿ, ಕೆಳಕ್ಕೆ ಅದುಮಿದಳು. ಟಕ್. ಮುಚ್ಚಳ ಮುಚ್ಚದೆಯೇ ತಿರುಗಿಸಿ ಗುಂಡಿ ಒತ್ತಿದಳು.

ಕಪ್ಪು. ಕಪ್ಪು. ಇನ್ನೂ ಕಪ್ಪು.

“ತಡೀರಿ, ಯಾರೂ ಮುಟ್ಟಬೇಡಿ. ಹೊಸ ರ‍್ಯಾಮನ್ನ ಗುರುತು ಹಿಡಿಯೋಕೆ ಹೊತ್ತು ತಗೊಳ್ಳುತ್ತೆ. ಅವಸರಕ್ಕೆ ಆರಿಸಿದ್ರೆ ಮೊದಲಿಂದ ಶುರು.”

ಯಾರೂ ಮುಟ್ಟಲಿಲ್ಲ. ಬೆಳಕು ಬಂತು.

ಪರದೆಯ ಮೂಲೆಯ ಗಡಿಯಾರದಲ್ಲಿ ಎಂದೋ ಕಳೆದುಹೋದ ವರ್ಷದ ಮೊದಲ ದಿನ. ಸಮಯ ಹದಿನಾಲ್ಕು ಗಂಟೆ ದಾಟಿತ್ತು.

ಸೀಟಿಯಕ್ಕ ಸ್ಲೇಟನ್ನು ಬದಿಗಿಟ್ಟಳು. ಕೀಲಿಗಳ ಮೇಲೆ ಬೆರಳಾಡಿತು. ಯಂತ್ರದ ದನಿ ಏರಿಳಿತವಿಲ್ಲದೆ, ತೊದಲದೆ ಹೇಳತೊಡಗಿತು:

“ಗಡಿಯಾರ ಸೊನ್ನೆಯಿಂದ ಹದಿನಾಲ್ಕು ಗಂಟೆ ಓಡಿದೆ. ಈಗ ಒಂದು ಗಂಟೆ ದಾಟಿದೆ. ಹಾಗಾದರೆ ಪ್ಲಗ್ ಕಿತ್ತು ಸಿಕ್ಕಿಸಿದ್ದು ನಿನ್ನೆ ರಾತ್ರಿ ಹನ್ನೊಂದಕ್ಕೆ. ರಿಪೇರಿಯವಳು ಸಂಜೆಯೇ ಕೊಟ್ಟಿದ್ದಳು. ಕಾರ್ಯದರ್ಶಿಗಳು ಒಯ್ದದ್ದು ಬೆಳಿಗ್ಗೆ. ಚಿಹ್ನೆ ಕಂಡೆ ಅಂದದ್ದು ಸುಳ್ಳು. ಒತ್ತಿ ಕೂಡ ನೋಡಿಲ್ಲ. ಬಿಚ್ಚಿದವರು ಮಾತ್ರ ಅವರಲ್ಲ.”

ಕಾರ್ಯದರ್ಶಿ ಕನ್ನಡಕ ತೆಗೆದು ಜೇಬಿಗಿಟ್ಟರು. ಯಂತ್ರದ ದನಿ ಮುಂದುವರಿಯಿತು:

“ಕೆಡಿಸಬೇಕು ಅಂತಲೇ ಬಿಚ್ಚುವವರು ಸುಟ್ಟೀತೆಂದು ಹೆದರುವುದಿಲ್ಲ. ಇಲ್ಲಿ ಕೆಡಿಸುವ ಮುಂಚೆ ಯಾರೋ ಬ್ಯಾಟರಿ ಕಳಚಿಟ್ಟಿದ್ದಾರೆ. ಇಪ್ಪತ್ತು ವರ್ಷ ವ್ಯಾನಿನ ಬಾನೆಟ್ಟಿಗೆ ಹಾಗೇ ಕೈ ಹಾಕಿದವರು. ಅಲ್ಲವಾ ಭಾವ?”

ಭಾವ ಬಾಗಿಲ ಚೌಕಟ್ಟು ಹಿಡಿದರು.

“ಒಡೆದು ಹಾಕು ಅಂದಿದ್ರು. ನಿನ್ನ ಗಂಟಲನ್ನ ಒಡೀಲಿ ಹೇಗಮ್ಮ? ಸಡಿಲ ಮಾಡಿಟ್ಟೆ, ಅಷ್ಟೇ. ಇವತ್ತೊಂದು ದಿನ ದಾಟಲಿ ಅಂತ.”

“ಅಂದವರು ಯಾರು?”

“ಮ್ಯಾನೇಜರು. ಕ್ವಾರ್ಟರ್ಸ್ ಖಾಲಿ ಮಾಡಿಸ್ತೀನಿ, ವ್ಯಾನಿನ ಕೀಲಿ ಕಿತ್ಕೋತೀನಿ ಅಂದ್ರು. ನಿನ್ನ ಅಕ್ಕನ್ನ ಕಟ್ಕೊಂಡು ಬೀದೀಲಿ ನಿಲ್ಲಲಾ?”

“ಅಕ್ಕನೂ ಅದೇ ಪ್ರೆಸ್ಸಿನ ಮುಂದೆ ನಿಲ್ತಾಳೆ ಭಾವ. ನಾಳೆ ಅವಳ ಅಂಗೈ ಬೆಂದರೆ ಯಾವ ಕ್ವಾರ್ಟರ್ಸಿನಲ್ಲಿ ಕೂತು ಬ್ಯಾಂಡೇಜ್ ಕಟ್ತೀರಿ?”

ಭಾವ ಚೌಕಟ್ಟು ಬಿಟ್ಟು ಒಳಗೆ ಬಂದರು. “ಅಲ್ಲಿ ನನ್ನ ಹೆಸರು ಹೇಳ್ತೀಯಾ?”

“ಕೇಳಿದರೆ ಹೇಳ್ತೀನಿ. ಹೆದರಿಸಿದವರ ಹೆಸರು ಕೇಳದಿದ್ದರೂ ಹೇಳ್ತೀನಿ.”

ಮೂರಕ್ಕೆ ವಿಚಾರಣೆಯ ಕೋಣೆ ತುಂಬಿತ್ತು. ಉದ್ದ ಮೇಜಿನಾಚೆ ಅಧಿಕಾರಿ, ಪಕ್ಕದಲ್ಲಿ ಮ್ಯಾನೇಜರು, ಗೋಡೆಗೊತ್ತಿ ಲಾಂಡ್ರಿಯ ಹೆಂಗಸರು. ಎಲ್ಲರ ಮುಂದೆ, ಕೈಗಳಿಗೆ ಬಿಳಿ ಬಟ್ಟೆ ಸುತ್ತಿಕೊಂಡ ಹುಡುಗಿ.

“ಇವರ ಪರವಾಗಿ ಯಾರು ಮಾತಾಡ್ತೀರಿ?” ಅಧಿಕಾರಿ ಕಾರ್ಯದರ್ಶಿಯ ಕಡೆ ನೋಡಿದ. ಕಾರ್ಯದರ್ಶಿ ಏಳಲಿಲ್ಲ.

“ನಾನೇ,” ಎಂದಿತು ಲ್ಯಾಪ್‌ಟಾಪು.

ಮ್ಯಾನೇಜರು ಬೆಚ್ಚಿ ತಿರುಗಿದರು. ಅಧಿಕಾರಿ ಕೆಮ್ಮಿದ. “ಸರಿ. ಅವತ್ತು ಸೇಫ್ಟಿ ಸ್ವಿಚ್ಚಿಗೆ ತಂತಿ ಇತ್ತು ಅಂತೀರಿ. ಕಟ್ಟಿಸಿದವರು ಯಾರು? ಊಹೆ ಬೇಡ. ನೋಡಿದ್ದರೆ ಹೇಳಿ.”

ಸೀಟಿಯಕ್ಕ ದನಿಯನ್ನು ಪೂರ್ತಿ ಏರಿಸಿ ಟೈಪ್ ಮಾಡಿದಳು.

“ನೋಡಿದ್ದೇನೆ. ನಿಮ್ಮ ಬಲಗಡೆ ಕೂತಿದ್ದಾರೆ. ಬರೆದುಕೊಳ್ಳಿ.”