ಕಿತ್ತುಹೋದ ಸಂಬಂಧಕ್ಕೆ ಅಭಿನಂದನೆ

"ಅಲ್ಲಾಡಬೇಡಿ ಸರ್, ಚರ್ಮ ಸಿಕ್ಕಿಹಾಕಿಕೊಳ್ಳುತ್ತೆ."

ಅವಳ ಬೆರಳುಗಳು ಅವನ ಗಂಟಲ ಹತ್ತಿರವೇ ಇದ್ದವು. ಜಾಕೆಟ್ಟಿನ ಜಿಪ್ಪು ಕತ್ತಿನವರೆಗೆ ಏರಿ ಅಲ್ಲೇ ಕಚ್ಚಿಕೊಂಡಿತ್ತು. ಹೋಟೆಲಿನ ಕೆಲಸದವರಿಗೆ ಇಂಗ್ಲಿಷ್ ಕಲಿಸಲು ಬಂದ ಹೊಸ ಮೇಷ್ಟ್ರು, ಮೊದಲ ಪಾಠಕ್ಕೂ ಮುಂಚೆ ಬಟ್ಟೆ ರಿಪೇರಿ ಕೋಣೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ.

ಜಿಪ್ಪಿನ ಹಲ್ಲುಗಳಿಗೆ ಮೇಣ ಉಜ್ಜಿ ಮೆಲ್ಲಗೆ ಎಳೆದಳು. ಇಳಿಯಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು... ಯಾಕೋ ಇಬ್ಬರಿಗೂ ನಗು ಬಂತು.

ಅತಿಥಿಗಳ ಬಟ್ಟೆ ಸರಿಮಾಡುವುದು ಅವಳ ಕೆಲಸ; ಕಷ್ಟವಿದ್ದದ್ದು ಫೋನಿನಲ್ಲಿ. ಬಟ್ಟೆಗೆ ಏನಾಗಿದೆಯೆಂದು ಅವರು ರೂಮಿನಿಂದ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದರು. ಅವಳಿಗೆ ಎಲ್ಲವೂ 'ಬ್ರೋಕನ್' ಅಷ್ಟೇ. ಅವನು ಬಿಡಿಸಿ ಹೇಳಿಕೊಟ್ಟ. ಗುಂಡಿ ಕಿತ್ತು ಬಂದರೆ 'ಕೇಮ್ ಆಫ್', ಹಾಕಿದ್ದು ತಾನಾಗಿ ಬಿಚ್ಚಿಕೊಂಡರೆ 'ಕೇಮ್ ಅನ್‌ಡನ್', ಹುಕ್ಕಿನ ತುದಿ ಮುರಿದು ಬಿದ್ದರೆ 'ಬ್ರೋಕ್ ಆಫ್'. ಪಾಠ ಮುಗಿದ ಮೇಲೂ ಅವಳ ಕೋಣೆಗೆ ಬಂದು ಕೂರುತ್ತಿದ್ದ. ಅವನು ಬರುವ ಹೊತ್ತಿಗೆ ಅವಳು ಇನ್ನೊಂದು ಸ್ಟೂಲಿನ ಮೇಲಿದ್ದ ಬಟ್ಟೆ ರಾಶಿ ಎತ್ತಿಡುತ್ತಿದ್ದಳು.

ಅಷ್ಟರಲ್ಲಿ ಅಕ್ಕ, ಭಾವ ಒಂದು ಸಂಬಂಧ ತಂದರು. ಹುಡುಗನ ಮನೆಯವರು ಕೆಲಸ ಬಿಡಬೇಕೆಂದರು. ಅವಳು ಆಗಲ್ಲ ಎಂದಳು. ಮಾತುಕತೆ ಅಲ್ಲಿಗೇ ಮುರಿದುಬಿತ್ತು. ಭಾವ ಮುಖ ಊದಿಸಿಕೊಂಡರು.

ಸಂಬಂಧ ನೋಡುತ್ತಿದ್ದಾರೆಂಬ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಒಂದು ಸಂಜೆ ಅಭ್ಯಾಸದ ನೆಪದಲ್ಲಿ, ಮದುವೆ ಮಾತು ಏನಾಯಿತೆಂದು ಇಂಗ್ಲಿಷಿನಲ್ಲೇ ಕೇಳಿದ. ಅವಳು ಯೋಚಿಸಿ, ಪದ ಆರಿಸಿ ಹೇಳಿದಳು.

"ಇಟ್ ಕೇಮ್ ಆಫ್, ಸರ್."

ಅವನ ಮುಖ ಬಾಡಿತು. "ಅಭಿನಂದನೆ," ಎಂದು ಎದ್ದು ಹೋದ.

ಸಂಬಂಧ ಮುರಿದದ್ದಕ್ಕೆ ಅಭಿನಂದನೆಯಾ? ಇಷ್ಟೇನಾ ಇವರು...

ಮುಂದಿನ ಪಾಠಕ್ಕೆ ಬಂದದ್ದು ಬೇರೆ ಟೀಚರ್. ಅವನು ಬೇರೆ ಕಡೆ ಕಲಿಸುವ ಕೆಲಸ ಕೇಳಿ ಪಡೆದನಂತೆ. ಅವಳು ಹಟಕ್ಕೆ ಬಿದ್ದು ಕಲಿಯುವುದನ್ನು ಮಾತ್ರ ಬಿಡಲಿಲ್ಲ. ಹೀಗಿರುವಾಗ ಒಂದು ದಿನ ಆ ಟೀಚರ್, ಮದುವೆ, ಕಾರ್ಯಕ್ರಮಗಳ ವಿಷಯದಲ್ಲಿ 'ಕೇಮ್ ಆಫ್' ಎಂದರೆ ಅಂದುಕೊಂಡಂತೆ ನೆರವೇರಿತು ಎಂದರ್ಥ ಎಂದು ಹೇಳಿದರು.

ಅಯ್ಯೋ... ನನ್ನ ಬಾಯಾರೆ ನಾನೇ ಮದುವೆ ಗಟ್ಟಿ ಆಯ್ತು ಅಂದೆನಾ?

ಕೆಲಸ ಮುಗಿದೊಡನೆ ಬಸ್ಸು ಹಿಡಿದು ಅವನು ಕಲಿಸುವಲ್ಲಿಗೆ ಹೋದಳು. ಅವನು ಬೋರ್ಡು ಒರೆಸುತ್ತಿದ್ದ.

"ಸಂಬಂಧ ಕಿತ್ತುಹೋಯ್ತು ಅಂತ ಹೇಳೋಕೆ ಹೊರಟಿದ್ದೆ ಸರ್, ಗುಂಡಿ ತರ. ನನಗೆ ಗೊತ್ತಿದ್ದದ್ದು ಅದೊಂದೇ ಅರ್ಥ."

ಅವನು ಡಸ್ಟರ್ ಹಿಡಿದೇ ಬೆಂಚಿನ ಮೇಲೆ ಕುಸಿದು ಕೂತ.

"ಹಾಗಾದ್ರೆ ಅವತ್ತು ನಾನು..."

"ಅಭಿನಂದನೆ ಹೇಳಿದ್ರಿ. ನಾನು ಮನೆಗೆ ಹೋಗಿ ಅತ್ತೆ."

ಅವನು ಡಸ್ಟರ್ ಪಕ್ಕಕ್ಕಿಟ್ಟ. ಆಮೇಲೆ ತಲೆಯೆತ್ತಿ ಅವಳನ್ನೇ ನೋಡಿದ.

"ನೀವು ಬೇರೆಯವರ ಪಾಲಾದ್ರಿ ಅಂದ್ಕೊಂಡ ಮೇಲೆ ಆ ಕೋಣೆಗೆ ಬರೋಕೆ ಕಾಲೇ ಬರಲಿಲ್ಲ. ನಿಮ್ಮನ್ನ ಬಿಟ್ಟಿರೋಕೆ ನನಗೆ ಆಗಲ್ಲ. ಕೆಲಸ ಬಿಡಿ ಅಂತ ಯಾವತ್ತೂ ಕೇಳಲ್ಲ."

ಅವಳ ಕಣ್ಣು ತುಂಬಿತು.

"ಮನೆಗೆ ಬಂದು ಅಕ್ಕನ್ನ ಕೇಳಿ. ಇಂಗ್ಲಿಷಲ್ಲಿ ಮಾತ್ರ ಬೇಡ."

ಅವನು ನಕ್ಕ. "ಅವರು ಒಪ್ಪದಿದ್ರೆ?"

"ನಾನು ಒಪ್ಪಿ ಆಯ್ತಲ್ಲ," ಎಂದಳು ಅವಳು.