ಸೊಲಾಂಜ್ ದೆಲ್ಮಾಸ್ ಅವರ ಎರಡನೆಯ ದನಿ

ಐವತ್ತು ವರ್ಷಗಳ ಹಿಂದೆ, ಇನ್ನೆಂದೂ ಹಾಡಲಾಗದು ಎಂದು ವೈದ್ಯರಿಂದ ಹೇಳಿಸಿಕೊಂಡಿದ್ದ ಫ್ರೆಂಚ್ ನಟಿಯೊಬ್ಬರು ಮೆಲ್ಬರ್ನಿನ ರಂಗಮಂದಿರದಲ್ಲಿ ಹಾಡಿದರು. ಹೆಸರು ಸೊಲಾಂಜ್ ದೆಲ್ಮಾಸ್. ಮಾರ್ಸೇ ಬಂದರಿನಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದಾಕೆಯ ಮಗಳು. ಮೂವತ್ತೊಂದು ಚಲನಚಿತ್ರಗಳ ನಾಯಕಿ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಮೂರು ವರ್ಷ ಒಂದೊಂದೇ ಸ್ವರವನ್ನು ಮಗುವಿನಂತೆ ಕಲಿತು ಆ ವೇದಿಕೆಯನ್ನೇರಿದ್ದರು. ಕೊನೆಯ ಚರಣದಲ್ಲಿ ಧ್ವನಿಮುದ್ರಣದ ಟೇಪು ಪಟ್ಟನೆ ಹರಿಯಿತು. ತಂತ್ರಜ್ಞನು ಅದನ್ನು ಅಂಟಿಸಿ ಮುಗಿಸುವವರೆಗೂ ನಿಂತಿದ್ದು, ಆ ಚರಣವನ್ನು ಮೊದಲಿನಿಂದ ಮತ್ತೆ ಹಾಡಿದರು! ಮರುದಿನದಿಂದ ಅವರಿಗೆ ಉಳಿದದ್ದು ಪಿಸುದನಿ ಮಾತ್ರ. ಹಾಡು ಉಳಿದದ್ದು ಆ ಒಂದೇ ಟೇಪಿನಲ್ಲಿ. ಅದರ ಪ್ರತಿ ತೆಗೆಯಲು ಅವರು ಯಾರಿಗೂ ಒಪ್ಪಿಗೆ ಕೊಟ್ಟಿರಲಿಲ್ಲ.

ಕಳೆದ ಶನಿವಾರ ಬೆಳಿಗ್ಗೆ, ಸಿಡ್ನಿಯ ಪ್ರದರ್ಶನಾಲಯವೊಂದರಲ್ಲಿ ಆ ಟೇಪು ಮೂಕವಾಗಿತ್ತು.

“ತಾತ, ಪ್ಲೀಸ್ ಕಮ್ ಕ್ವಿಕ್ಲಿ!” ಎಂದು ಮೊಮ್ಮಗಳು ಸಾನ್ವಿ ಫೋನಿನಲ್ಲಿ ಅತ್ತಳು. ಸೊಲಾಂಜ್ ಅವರ ಬದುಕನ್ನು ಕುರಿತ ಪ್ರದರ್ಶನದ ಉಸ್ತುವಾರಿ ಅವಳದು. ಅವಳ ಮೊದಲ ಕೆಲಸ. ನಾನು ನಮ್ಮ ಬಡಾವಣೆ ಪೆಂಡಲ್ ಹಿಲ್‌ನಿಂದ ಗೆಳೆಯ ಹಿರಿಯಣ್ಣನನ್ನು ಜೊತೆಗೆ ಕರೆದುಕೊಂಡು ಹೊರಟೆ. ಮೂವತ್ತು ವರ್ಷ ಆಕಾಶವಾಣಿಯಲ್ಲಿ ಬ್ಲೇಡು ಹಿಡಿದು ಟೇಪು ಕತ್ತರಿಸಿ ಅಂಟಿಸಿದ ಕೈ ಅವನದು.

ಪ್ರದರ್ಶನಾಲಯದ ಮುಖ್ಯಸ್ಥೆ ಸಂಯುಕ್ತಾ ಪುಟ್ಟ ಗಣಪತಿಯೊಂದನ್ನು ನಮ್ಮ ಮುಂದೆ ಹಿಡಿದರು. ಕಾರಿನಲ್ಲಿ ಅಂಟಿಸುವಂಥದ್ದು, ಪೀಠದಲ್ಲಿ ಅಯಸ್ಕಾಂತವಿತ್ತು.

“ನೋಡಿ ಅಂಕಲ್, ನಿಮ್ಮ ಮೊಮ್ಮಗಳು ಟೇಪ್ ಬಾಕ್ಸ್ ಮೇಲೆ ಮ್ಯಾಗ್ನೆಟ್ ಇಟ್ಟು ಹೋಗಿದ್ದಾಳೆ! ಹಾಡೆಲ್ಲಾ ಎರೇಸ್ ಆಗಿದೆ. ಹನ್ನೆರಡಕ್ಕೆ ಸೊಲಾಂಜ್ ಮೇಡಮ್ ಮೆಲ್ಬರ್ನ್‌ನಿಂದ ಬರ್ತಾರೆ, ಇದನ್ನ ಕೇಳೋಕೇ ಅಂತ. ಇವಳನ್ನ ಕೆಲಸದಲ್ಲಿ ಹೇಗೆ ಇಟ್ಕೊಳ್ಳಲಿ?”

“ಜಸ್ಟ್ ಫಾರ್ ಎ ಗುಡ್ ಸ್ಟಾರ್ಟ್... ಐ ಡಿಡ್ ನಾಟ್ ನೋ!” ಎಂದಳು ಸಾನ್ವಿ.

ಹಿರಿಯಣ್ಣ ಗಣಪತಿಯನ್ನು ಕೈಗೆತ್ತಿಕೊಂಡ. “ಪಾಪ, ವಿಘ್ನೇಶ್ವರನ ಮೇಲೇ ವಿಘ್ನದ ಕೇಸು! ಈ ಕೋಣೆಯ ಬೀಗದ ಕೈ ಯಾರ್ಯಾರ ಹತ್ರ ಇತ್ತಮ್ಮ?”

“ನಾನು, ಸಾನ್ವಿ, ಸೌಂಡ್ ನೋಡ್ಕೊಳ್ಳೋ ಈ ಅಜಯ್ — ಮೂರೇ ಜನ.”

ಟೇಪನ್ನು ಯಂತ್ರಕ್ಕೇರಿಸಿ, ಅದರ ಅಂಚಿಗೆ ತೋರುಬೆರಳು ತಾಗಿಸಿ, ಹಿರಿಯಣ್ಣ ಕಣ್ಣು ಮುಚ್ಚಿದ. ರೀಲು ಆರಂಭದಿಂದ ಕೊನೆಯವರೆಗೆ ನಿಧಾನವಾಗಿ ಸುತ್ತಿತು.

“ಅಜಯ್, ನೀವು ಕೊನೇ ಸಲ ಕೇಳಿದ್ದು ಯಾವಾಗ?”

“ನಿನ್ನೆ ಸಂಜೆ ಅಂಕಲ್. ಹಾಡು ಪೂರ್ತಿ ಇತ್ತು. ಆಮೇಲೆ ಅವಳು ಈ ಗಣೇಶನ್ನ ಇಟ್ಟಿದ್ದು.”

“ಇದೇ ರೀಲಾ?”

“ಇದೇ! ನಾನೇ ಸುತ್ತಿ ಬಾಕ್ಸ್‌ಗೆ ಹಾಕ್ದೆ.”

“ಸರಿಯಾಗಿ ಯೋಚ್ನೆ ಮಾಡಿ ಹೇಳಿ.”

“ನೂರಕ್ಕೆ ನೂರು ಇದೇ, ಅಂಕಲ್.”

ಹಿರಿಯಣ್ಣ ಬೆರಳು ತೆಗೆದ. “ಆವತ್ತು ಟೇಪು ಹರಿದಿತ್ತು, ಅಂಟಿಸಿದ್ರು. ಈ ಗೋಡೆ ಮೇಲಿನ ಫಲಕದಲ್ಲೇ ಬರ್ದಿದೆ, ಎಲ್ಲರೂ ಓದಿದೀವಿ. ಅಯಸ್ಕಾಂತ ಹಾಡನ್ನ ಅಳಿಸಬಹುದು. ಅಂಟನ್ನ ಅಳಿಸುತ್ತಾ? ಈ ರೀಲಿನಲ್ಲಿ ಒಂದೇ ಒಂದು ಅಂಟಿಲ್ಲ. ಇದರಲ್ಲಿ ಹಾಡು ಯಾವತ್ತೂ ಇರ್ಲೇ ಇಲ್ಲ. ಆದ್ರೆ ಇದರಲ್ಲೇ ನಿನ್ನೆ ಹಾಡು ಕೇಳ್ದೆ ಅಂತ ಒಬ್ಬರು ಸಾಧಿಸ್ತಾ ಇದಾರೆ.”

ಅಜಯ್‌ನ ಮುಖ ಬೆಳ್ಳಗಾಯಿತು. ಅವನು ತನ್ನ ಬ್ಯಾಗಿನಿಂದ ಟವಲಿನಲ್ಲಿ ಸುತ್ತಿದ್ದ ರೀಲೊಂದನ್ನು ತೆಗೆದು, ಎರಡೂ ಕೈಗಳಿಂದ ಮೇಜಿನ ಮೇಲಿಟ್ಟ.

“ಒಂದ್ ಸಲ ಕೇಳ್ದೆ ಅಂಕಲ್. ಅಂಥ ದನಿ... ವಾಪಸ್ ಕೊಡೋಕೆ ಮನಸ್ಸೇ ಬರ್ಲಿಲ್ಲ, ಬಾಕ್ಸಲ್ಲಿ ಖಾಲಿ ರೀಲ್ ಇಟ್ಟೆ. ಆ ಗಣೇಶನ್ನ ನೋಡಿದಾಗ, ಮ್ಯಾಗ್ನೆಟ್‌ನಿಂದ ಅಳಿಸಿಹೋಯ್ತು ಅಂತ ಹೇಳಿಬಿಡೋಣ ಅನ್ನಿಸ್ತು.”

“ದನಿ ಕದ್ದಿದ್ದು ಒಂದು,” ಎಂದ ಹಿರಿಯಣ್ಣ, “ಈ ಹುಡುಗಿ ಅಳೋದನ್ನ ನೋಡ್ತಾ ನಿಂತಿದ್ರಲ್ಲ, ಅದಕ್ಕೆ ಏನಂತ ಹೆಸರಿಡೋಣ?”

ಸಂಯುಕ್ತಾ ಅಜಯ್‌ನಿಂದ ಬೀಗದ ಕೈಯನ್ನು ಹಿಂದಕ್ಕೆ ಪಡೆದರು. ಸಾನ್ವಿಯ ಕೈಗೆ ಗಣಪತಿಯನ್ನು ಕೊಟ್ಟು, “ಸಾರಿ ಕಣೇ” ಎಂದರು.

ಹನ್ನೆರಡಕ್ಕೆ ಸೊಲಾಂಜ್ ಬಂದರು. ಎಂಬತ್ತೆಂಟರ ಬಾಗದ ಬೆನ್ನು. ಹಿರಿಯಣ್ಣನೇ ಯಂತ್ರ ನಡೆಸಿದ. ಮೊದಲು ದನಿ ತಡವರಿಸಿತು, ಮೆಲ್ಲನೆ ಎದ್ದಿತು, ಆಮೇಲೆ ಆ ಕೋಣೆಯೇ ಅದಕ್ಕೆ ಸಾಲದಾಯಿತು. ಕೊನೆಯ ಚರಣದ ನಡುವೆ ಸಣ್ಣದೊಂದು ‘ಟಕ್’ — ಅಂಟು ದಾಟಿತ್ತು. ಚರಣವು ಮೊದಲಿನಿಂದ ಏರತೊಡಗಿದಾಗ ನಾವೆಲ್ಲರೂ ನಮಗರಿಯದಂತೆ ಎದ್ದು ನಿಂತಿದ್ದೆವು. ಬಾಗಿಲಲ್ಲಿದ್ದ ಅಜಯ್ ತಲೆ ತಗ್ಗಿಸಿದ್ದ.

ಸೊಲಾಂಜ್ ಗಂಟಲಿನ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಹಾಡು ಮುಗಿದಾಗ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು: “ಹಾಡಿದ ಈ ಹುಡುಗಿಗೆ ಅಂದು ಎಷ್ಟೊಂದು ಭಯವಾಗಿತ್ತು, ನನಗೆ ನೆನಪಿದೆ.”

ಮನೆಯಲ್ಲಿ ನಾನೇನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಸಾನ್ವಿ, ಆ ಹಿರಿಯಾಕೆಯ ಕಾಲ ಬಳಿ ಕುಳಿತು, ಎಲ್ಲವನ್ನೂ ಮರೆತು ಕನ್ನಡದಲ್ಲಿ ಕೇಳಿದಳು:

“ಇನ್ನೊಂದ್ ಸಲ ಕೇಳೋಣ್ವಾ?”