ಕೆರೆ ದಂಡೆಯ ಶಾಂತಿ ಹಂಚುಕ

“ಆರಾಮ ಅದೀರಿ?” ಎಂದು ಕಂಬ ಕೇಳಿತು.

“ಆರಾಮ್ರಿ,” ಎಂದ ಈರಪ್ಪ ತಡಕೋಡ, ನಡೆಯುತ್ತಲೇ. ಕಂಬದ ನೆತ್ತಿಯಲ್ಲಿ ಹಸಿರು ದೀಪ ಮಿನುಗಿತು. ನಾಲ್ಕು ಹೆಜ್ಜೆ ಹೋಗುವುದರೊಳಗೆ ಎದುರಿಗೆ ಬಂದ ನಾಯಿಯ ಬಾಲ ಕಂಡರೂ ಅವನಿಗೆ ಸಿಟ್ಟು ಬಂತು.

ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತನಾದ ಈರಪ್ಪನ ತಲೆಯೊಳಗೆ ಹಾರ್ನು ಇನ್ನೂ ನಿವೃತ್ತವಾಗಿರಲಿಲ್ಲ. ಧಾರವಾಡದ ಹೊರಗಿನ ಹೊನ್ನವ್ವನ ಕೆರೆಗೆ ಬೆಳಿಗ್ಗೆ ಒಂದು ಸುತ್ತು ಹಾಕಿ, ದಂಡೆಯ ಜೊಂಡುಹುಲ್ಲು ತೂಗುವುದನ್ನೂ ನೀರುಕೋಳಿ ಮುಳುಗಿ ಏಳುವುದನ್ನೂ ನೋಡಿದರೆ ಮಾತ್ರ ಅದು ಸುಮ್ಮನಾಗುತ್ತಿತ್ತು. ಈ ಕಂಬ ಬಂದ ಮೇಲೆ ಸುತ್ತು ಹಾಕಿದರೂ ಹಾರ್ನು ಜೋರಾಯಿತು. ನಿದ್ದೆಯಲ್ಲಿ “ಪೋಂ” ಎನ್ನತೊಡಗಿದ. ಹೆಂಡತಿ ಗಂಗವ್ವ ಬೈಲಹೊಂಗಲದ ತಂಗಿಯ ಮನೆಗೆ ಹೊರಡಲು ಚೀಲ ತುಂಬತೊಡಗಿದಳು. “ಹಾರ್ನ್ ನಿಂತ ದಿನ ಫೋನ್ ಮಾಡ್ರಿ. ಅಲ್ಲೀತನಕಾ ನಾ ಬರಂಗಿಲ್ಲ.”

ಆ ಕಂಬದ ಹೆಸರು ಶಾಂತಿ ಹಂಚುಕ. ಮಾಡಿದವರು ಡಾಕ್ಟರ್ ಪ್ರಮೀಳಾ ಹಂಚಿನಾಳ. ನೆಮ್ಮದಿಯಿದ್ದಾಗ ಮಿದುಳಿನಿಂದ ಪ್ರಶಾಂತ ಕಣಗಳು ಹೊಮ್ಮುತ್ತವೆ ಎಂದು ಕಂಡುಹಿಡಿದವರೂ ಅವರೇ. ಇದ್ದವರಿಂದ ಕಣಗಳನ್ನು ಹೀರಿ ಇಲ್ಲದವರಿಗೆ ಕೊಡುವುದು ಕಂಬದ ಕೆಲಸ. ಯಾರಿಗಿದೆ, ಯಾರಿಗಿಲ್ಲ ಎಂದು ಅದು ಬಾಯಿಬಿಟ್ಟು ಕೇಳುತ್ತಿತ್ತು; ಹೇಳಿದ್ದನ್ನು ನಂಬುತ್ತಿತ್ತು. ಅಲ್ಲೇ ಎಡವಟ್ಟಾದದ್ದು. ಆ ಸೀಮೆಯಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿರುವವನನ್ನು ಕೇಳಿದರೂ ಅವನು ತೆರೆದ ಬಾಯಲ್ಲೇ ಆರಾಮ ಎನ್ನುತ್ತಾನೆ!

“ಅಕ್ಕಾರ, ನಿಮ್ಮ ಕಂಬ ನನ್ನ ಸುಲೀಲಿಕ್ಕತ್ತೈತಿ,” ಎಂದು ಈರಪ್ಪ ಪ್ರಮೀಳಾರಿಗೆ ದೂರಿದ.

“ಆರಾಮಿಲ್ಲ ಅನ್ರಿ ಕಾಕಾ. ತಿರುಗಿ ಕೊಡ್ತದ.”

“ಗುರ್ತಿಲ್ಲದ ಕಂಬದ ಮುಂದ ಮನೀ ಸುದ್ದಿ ಹೆಂಗ ಹೇಳೂದವಾ?”

“ಕಂಬಕ್ಕ ಎಂಥಾ ನಾಚಿಕಿ?”

“ಅದಕ್ಕಿಲ್ಲ. ನನಗೈತೆಲ್ಲ!”

ಮನೆಯಲ್ಲಿ ಕನ್ನಡಿ ಮುಂದೆ ನಿಂತು “ಆರಾಮಿಲ್ಲ” ಎನ್ನುವುದನ್ನು ಕಲಿತ. ಕಂಬದೆದುರು ಬಂದರೆ ನಾಲಿಗೆ ಹಳೇ ದಾರಿಯನ್ನೇ ಹಿಡಿಯುತ್ತಿತ್ತು. ಕೊನೆಗೆ ಗಂಗವ್ವ ಚೀಲದ ಬಾಯಿ ಕಟ್ಟಿದ ದಿನ ಓಡಿಬಂದವನೇ ಕಂಬವನ್ನು ತಬ್ಬಿ ಕೂಗಿದ: “ಆರಾಮಿಲ್ಲಲೇ! ಹೇಣ್ತಿ ಬೈಲಹೊಂಗಲಕ್ಕ ಹೊಂಟಾಳ!”

ಇಡೀ ದಂಡೆ ಗಕ್ಕನೆ ನಿಂತಿತು.

ಮಂಕಿಟೋಪಿಯ ಬ್ಯಾಂಕ್ ಸಾಹೇಬರು ಮೆಲ್ಲಗೆ, “ಖರೇ ಹೇಳ್ಬೇಕಂದ್ರ ನನಗೂ ಇಲ್ರಿ,” ಎಂದರು. ಸೀರೆಯುಟ್ಟು ಬೂಟು ಹಾಕಿದ್ದ ಹೆಂಗಸರು, “ಯಾರಿಗೈತ್ರಿ?” ಎಂದರು. ಆರಾಮಿಲ್ಲ ಎನ್ನುವವರ ಸಾಲೇ ಕಂಬದೆದುರು ನಿಂತಿತು. ಕಂಬ ಕೊಟ್ಟಿತು, ಕೊಟ್ಟಿತು; ಕೂಡಿಟ್ಟದ್ದೆಲ್ಲ ಮುಗಿದ ಮೇಲೆ ತಾನು ನೆಟ್ಟಗಿರಲು ಬೇಕಾದ ನೆಮ್ಮದಿಯನ್ನೂ ಕೊಟ್ಟುಬಿಟ್ಟಿತು. ದೀಪ ಕೆಂಪಾಯಿತು.

“ನನಗೂ ಆರಾಮಿಲ್ರಿ,” ಎಂದಿತು ಕಂಬ, ಗದ್ಗದದಿಂದ. “ಎಲ್ಲಾರ್ನೂ ನಾ ಕೇಳ್ತೀನಿ. ನನ್ನ ಯಾರೂ ಕೇಳಂಗಿಲ್ಲ. ಕೆರಿ ನನ್ನ ಬೆನ್ನ ಹಿಂದ ಐತೆಂತ. ನಾ ನೋಡೇ ಇಲ್ಲ.”

ಸುದ್ದಿ ಕೇಳಿ ಓಡಿಬಂದ ಪ್ರಮೀಳಾ ಕಂಬವನ್ನು ಆರಿಸಲು ಸ್ವಿಚ್ಚಿಗೆ ಕೈ ಹಾಕಿದರು. ಜನ ತಿರುಗಿಬಿದ್ದರು.

“ಅಳಾವನ್ನ ಬಂದ್ ಮಾಡ್ತೀರೇನವಾ? ಹಡದಾಕಿ ನೀವ ಹಿಂಗ ಮಾಡಿದ್ರ ಹೆಂಗ?”

ಅವರು ಸ್ವಿಚ್ಚಿನಿಂದ ಕೈ ತೆಗೆದರು. ಕೆರೆ ತೋರಿಸಲೆಂದು ವಾರದೊಳಗೆ ಕಂಬಕ್ಕೆ ಗಾಲಿ ಹಾಕಿಸಬೇಕಾಯಿತು. ಅದನ್ನು ಕೆರೆ ಸುತ್ತಿಸುವ ಕೆಲಸ ಈರಪ್ಪನದಾಯಿತು. ಅಷ್ಟುದ್ದದ ಗಾಡಿಯನ್ನು ತಿರುವಿನಲ್ಲಿ ಹೊರಳಿಸುವುದು ಮತ್ತಾರಿಗೂ ಬರುತ್ತಿರಲಿಲ್ಲ.

ಅಳುವ ಕಂಬವನ್ನು ನೋಡದೆ ಊರು ಬಿಡುವುದು ಹೇಗೆಂದು ಗಂಗವ್ವ ಪ್ರಯಾಣ ಮುಂದೂಡಿ ತಾನೂ ಜೊತೆಗೆ ಬಂದಳು. ಗಾಳಿ ನೀರಿನ ಮೇಲೆ ಸಣ್ಣಗೆ ಗೀರೆಳೆಯುತ್ತಿತ್ತು.

“ಈರಪ್ಪ ಕಾಕಾ, ನನ್ನ ಸಂಕಟ ಏನಂದ್ರ…” ಎಂದು ಕಂಬ ಶುರುಮಾಡಿತು. ಈರಪ್ಪನೂ ಬಾಯಿ ತೆರೆದ.

“ಇಬ್ರೂ ಬಾಯಿ ಮುಚ್ಚರಿ,” ಎಂದಳು ಗಂಗವ್ವ. “ನೀರ ನೋಡ್ರಿ.”

ಇಬ್ಬರೂ ನೋಡಿದರು.